ಜಾತಕ ಕೂಡಿತ್ತು, ಕಾಲೇಜು ಕೂಡಲಿಲ್ಲ

ಮಗಳ ಮದುವೆಗೆ ಮುಂಚೆ ನಾವು ನೋಡದೆ ಬಿಟ್ಟದ್ದು ಏನೂ ಇರಲಿಲ್ಲ. ಗೋತ್ರ ಬೇರೆ, ನಾಡಿ ಬೇರೆ, ಮೂವತ್ತಾರರಲ್ಲಿ ಇಪ್ಪತ್ತೆಂಟು ಗುಣ ಕೂಡಿತ್ತು. ಕುಜದೋಷ ಇಬ್ಬರಿಗೂ ಇದ್ದುದರಿಂದ ಒಂದು ಇನ್ನೊಂದನ್ನು ನುಂಗಿಹಾಕಿತ್ತು. ಹುಡುಗ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿದವನು, ಹುಡುಗಿ ಓಹಾಯೊ ಸ್ಟೇಟ್‌ನಲ್ಲಿ ಓದಿದವಳು ಎಂದಾಗ ಶಾಸ್ತ್ರಿಗಳು, ‘ಅಕ್ಕಪಕ್ಕದ ರಾಜ್ಯಗಳು, ಒಳ್ಳೆಯದೇ ಆಯಿತು’ ಎಂದು ತಾಂಬೂಲದ ತಟ್ಟೆ ಮುಂದಕ್ಕೆ ಸರಿಸಿದರು. ಅವರ ಪಂಚಾಂಗದಲ್ಲಿ ಕಾಲೇಜು ದೋಷ ಎಂಬುದಕ್ಕೆ ಜಾಗವೇ ಇರಲಿಲ್ಲ.

ದೋಷ ನನಗೆ ಕಂಡದ್ದು 2024ರ ನವೆಂಬರ್ ಕೊನೆಯ ವಾರ, ಕೊಲಂಬಸ್ ನಗರದ ಮಗಳ ಮನೆಯಲ್ಲಿ. ಬೆಳಿಗ್ಗೆ ಅಡುಗೆಮನೆಗೆ ಹೋಗಿ ನೋಡುತ್ತೇನೆ, ನಾನು ಬೆಂಗಳೂರಿನಿಂದ ಹೊತ್ತು ತಂದಿದ್ದ ಮೈಸೂರು ಪಾಕಿನ ಡಬ್ಬಕ್ಕೆ ಕೆಂಪು ಟೇಪು ಅಂಟಿಕೊಂಡಿದೆ. ಇಂಗ್ಲಿಷಿನಲ್ಲಿ ಬರೆದಿದ್ದ ಹೆಸರಿನ ಮೊದಲ ಅಕ್ಷರವಾದ ‘ಎಂ’ ಮೇಲೆ ಎರಡು ಓರೆ ಪಟ್ಟಿ, ಗುಣಾಕಾರದ ಚಿಹ್ನೆಯ ಹಾಗೆ. ಉಳಿದದ್ದು ‘ಯ್ಸೂರ್ ಪಾಕ್’. ಮೈಕ್ರೋವೇವಿನ ಮೇಲೂ ಅದೇ ಟೇಪು. ಕೊನೆಗೆ ನನ್ನ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಶೀಷೆಯನ್ನೂ ಬಿಟ್ಟಿರಲಿಲ್ಲ. ಇದೇನಮ್ಮ ಎಂದು ಕೇಳಿದೆ. ‘ಅಪ್ಪ, ಈ ವಾರ ಆ ಅಕ್ಷರ ನಮ್ಮ ಮನೆಯಲ್ಲಿ ಇಲ್ಲ’ ಎಂದಳು. ಅಳಿಯಂದಿರು ಸೋಫಾದ ಮೂಲೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ಅವರ ನೀಲಿ ಅಂಗಿಯ ಎದೆಯ ಮೇಲೆ ಅಂಗೈ ಅಗಲದ ಹಳದಿ ‘ಎಂ’.

ಮಗಳಿಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದೆ. ಮಧ್ಯಾಹ್ನ ವಿಶ್ವವಿದ್ಯಾಲಯದ ಆವರಣಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಫಲಕ ಫಲಕದ ಮೇಲೂ ‘ಎಂ’ಗೆ ಕೆಂಪು ಗೀಟು. ಹತ್ತಾರು ಸಾವಿರ ವಿದ್ಯಾರ್ಥಿಗಳಿಗೆ ವಿದ್ಯೆ ಕಲಿಸುವ ಸಂಸ್ಥೆ ಮಿಶಿಗನ್ ಎದುರಿನ ವಾರ್ಷಿಕ ಅಮೆರಿಕನ್ ಫುಟ್‌ಬಾಲ್ ಪಂದ್ಯದ ವಾರ ಬಂದರೆ ಇಪ್ಪತ್ತಾರರಲ್ಲಿ ಒಂದು ಅಕ್ಷರವನ್ನು ಮರೆಯುತ್ತದೆ. ನಷ್ಟ ತುಂಬಿಕೊಳ್ಳಲೋ ಏನೋ, ಇದೇ ಓಹಾಯೊ ಸ್ಟೇಟ್ 2022ರಲ್ಲಿ ಇಂಗ್ಲಿಷಿನ ‘ದಿ’ ಎಂಬ ಪದವನ್ನು ಅಂಗಿ ಟೋಪಿಗಳ ಮಟ್ಟಿಗೆ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಂಡಿದೆ. ನಮ್ಮ ಶಾಲೆಯ ಇಂಗ್ಲಿಷ್ ಮೇಷ್ಟ್ರು ‘ದಿ’ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಕಲಿಸುತ್ತಾ ಮೂವತ್ತು ವರ್ಷ ಸವೆಸಿದರು. ಅದಕ್ಕೆ ಮಾಲೀಕರಿದ್ದಾರೆ ಎಂದು ಆ ಪುಣ್ಯಾತ್ಮರಿಗೆ ಯಾರು ಹೇಳಬೇಕು?

ನಾನು ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದವನು, ಕಾರಣ ಹುಡುಕದೆ ಬಿಡುವವನಲ್ಲ. ಜಗಳದ ಬೇರು 1835ರಲ್ಲಿದೆ. ಟೊಲೆಡೊ ಎಂಬ ಊರು ಮತ್ತು ಅದರ ಸುತ್ತಣ ಪಟ್ಟಿ ತನ್ನದು ಎಂದು ಓಹಾಯೊ, ತನ್ನದು ಎಂದು ಮಿಶಿಗನ್ ಸೈನ್ಯ ಕಟ್ಟಿಕೊಂಡು ನಿಂತವು. ಇಡೀ ಯುದ್ಧದಲ್ಲಿ ಆದ ಗಾಯ ಒಬ್ಬ ಅಧಿಕಾರಿಗೆ ಬಿದ್ದ ಚಿಕ್ಕ ಚಾಕುವಿನ ಇರಿತ. ಟೊಲೆಡೊ ಓಹಾಯೊ ಪಾಲಾಯಿತು. ಮಿಶಿಗನ್‌ಗೆ ಸಮಾಧಾನಕ್ಕೆಂದು ಕೊಟ್ಟ ಉತ್ತರದ ಕಾಡಿನಲ್ಲಿ ತಾಮ್ರ, ಕಬ್ಬಿಣ ಸಿಕ್ಕಿತು. ಗಡಿ ವಿವಾದ ನಮಗೇನು ಹೊಸದೇ, ಬೆಳಗಾವಿಯ ಹೆಸರು ಕೇಳುತ್ತಲೇ ತಲೆ ನರೆತವರು ನಾವು. ಆದರೆ ಗಡಿ ವಿವಾದವನ್ನು ಚೆಂಡಿನೊಳಗೆ ತುಂಬಿ ವರ್ಷಕ್ಕೊಮ್ಮೆ ಒದೆಯಬಹುದು ಎಂದು ನಮ್ಮ ಯಾವ ಆಯೋಗಕ್ಕೂ ಹೊಳೆಯಲಿಲ್ಲ. (ಒದೆಯುವುದು ಎಂದೆ. ಈ ಫುಟ್‌ಬಾಲಿನಲ್ಲಿ ಚೆಂಡು ಬಹುಪಾಲು ಕೈಯಲ್ಲೇ ಇರುತ್ತದೆ. ಅದನ್ನು ಕೇಳಲು ಹೋಗಿ ಅಳಿಯ ಮಗಳು ಇಬ್ಬರಿಂದಲೂ ಬೈಸಿಕೊಂಡೆ. ಅವರು ಆ ವಾರ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.)

ನನ್ನ ಹೆಂಡತಿಗೆ ಮಾತ್ರ ಇದ್ಯಾವುದೂ ವಿಚಿತ್ರ ಎನಿಸಲಿಲ್ಲ. ಆಕೆ ಆರ್‌ಸಿಬಿ ಭಕ್ತೆ. ‘ಹದಿನೇಳು ವರ್ಷ ಸೋತರೂ ಪ್ರತಿ ಏಪ್ರಿಲ್‌ನಲ್ಲಿ ದೀಪ ಹಚ್ಚಿದವಳು ನಾನು, ನನಗೆ ಹೇಳಿಕೊಡಬೇಡಿ’ ಎಂದಳು. ಓಹಾಯೊ ಆಗ ಮಿಶಿಗನ್ ಕೈಯಲ್ಲಿ ಸತತ ಮೂರು ವರ್ಷ ಸೋತಿತ್ತು. ‘ಬರೀ ಮೂರೇ’ ಎಂದು ಮಗಳ ತಲೆ ಸವರಿದಳು.

ಗುರುವಾರ ಥ್ಯಾಂಕ್ಸ್‌ಗಿವಿಂಗ್ ಊಟ. ಚುನಾವಣೆ ಮುಗಿದು ಮೂರು ವಾರವಷ್ಟೇ ಕಳೆದಿದ್ದರಿಂದ, ಊಟದ ಮೇಜಿನಲ್ಲಿ ರಾಜಕೀಯ ಎತ್ತಕೂಡದು ಎಂದು ಮಗಳು ಮೊದಲೇ ಕಟ್ಟಪ್ಪಣೆ ಮಾಡಿದ್ದಳು. ಪಕ್ಕದ ಮನೆಯವರನ್ನೂ ಕರೆದಿದ್ದಳು. ಅವರ ಹುಲ್ಲುಹಾಸಿನಲ್ಲಿ ಟ್ರಂಪ್ ಫಲಕ ಇನ್ನೂ ನಿಂತಿತ್ತು, ಇವಳ ಹುಲ್ಲುಹಾಸಿನಲ್ಲಿ ಕಮಲಾ ಹ್ಯಾರಿಸ್ ಫಲಕ ಕಿತ್ತ ಗುರುತು ಇನ್ನೂ ಮಾಸಿರಲಿಲ್ಲ. ಇನ್ನೇನು ಕಾದಿದೆಯೋ ಎಂದು ನಾನು ಪಲ್ಯದ ತಟ್ಟೆ ಹಿಡಿದು ನಿಂತಿದ್ದರೆ, ಆ ಮನುಷ್ಯ ಕೆಂಪು ಟೋಪಿ ತೆಗೆದು ಒಳಗೆ ಬಂದು ಮಗಳೊಡನೆ ಓಹಾಯೊ ಘೋಷಣೆ ಕೂಗಿ ಅಂಗೈಗೆ ಅಂಗೈ ತಟ್ಟಿದರು. ವಲಸೆ, ತೆರಿಗೆ, ಗರ್ಭಪಾತ, ಬಂದೂಕು, ಯಾವುದರಲ್ಲೂ ಆ ಇಬ್ಬರಿಗೆ ಹೊಂದಿಕೆಯಿಲ್ಲ. ತಂಡ ಒಂದೇ. ಅಳಿಯ ಮಗಳು ಓಟು ಹಾಕಿದ್ದು ಒಬ್ಬರಿಗೇ, ಓದುವ ಪತ್ರಿಕೆ ಒಂದೇ, ಮನೆ ಸಾಲ ಕೂಡ ಜಂಟಿ. ತಂಡ ಬೇರೆ. ಬಿಸಿ ಹೋಳಿಗೆ ಪಕ್ಕದ ಮನೆಯವರ ತಟ್ಟೆಗೆ ಹೋಯಿತು, ತುಪ್ಪದ ಸಮೇತ. ಅಳಿಯಂದಿರಿಗೆ ಹರಿದದ್ದು ಸಿಕ್ಕಿತು.

ಶನಿವಾರ ಮಿಶಿಗನ್ 13-10ರಿಂದ ಗೆದ್ದಿತು. ಲಕ್ಷಕ್ಕೂ ಹೆಚ್ಚು ಜನ ತುಂಬಿದ ಓಹಾಯೊ ಕ್ರೀಡಾಂಗಣದ ನಟ್ಟನಡುವೆ ಗೆದ್ದ ಹುಡುಗರು ತಮ್ಮ ಬಾವುಟ ನೆಡಲು ಹೋದರು, ಸೋತ ಹುಡುಗರು ಮೇಲೆ ಬಿದ್ದರು, ಪೊಲೀಸರು ಮೆಣಸಿನ ದ್ರಾವಣ ಸಿಂಪಡಿಸಿದರು. ನಮ್ಮ ಮನೆಯಲ್ಲಿ ಅಳಿಯಂದಿರು ಮೆಲ್ಲಗೆ ಅಡುಗೆಮನೆಗೆ ಹೋಗಿ, ಹಲ್ಲುಕಡ್ಡಿಗೆ ನೀಲಿ ಕಾಗದ ಅಂಟಿಸಿ, ಮಗಳು ಮಾಡಿಟ್ಟಿದ್ದ ಚಿತ್ರಾನ್ನದ ಗುಡ್ಡೆಯ ತುದಿಗೆ ಚುಚ್ಚಿ ಬಂದರು. ಆ ಚಿತ್ರಾನ್ನವನ್ನು ಅವಳು ಮುಟ್ಟಲಿಲ್ಲ. ರಾತ್ರಿ ಅಳಿಯಂದಿರ ದಿಂಬು ನೆಲಮಾಳಿಗೆಗೆ ಹೋಯಿತು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದು ನಮ್ಮಲ್ಲಿ. ಅಲ್ಲಿ ಅದು ಶಾಸನಸಭೆಯ ತನಕ ಹೋಯಿತು. ಡಿಸೆಂಬರ್‌ನಲ್ಲಿ ಓಹಾಯೊ ಪ್ರತಿನಿಧಿಯೊಬ್ಬರು ಮಸೂದೆಯನ್ನೇ ತಂದರು: ಓಹಾಯೊ ಕ್ರೀಡಾಂಗಣದ ನಡುವೆ ಆಟದ ದಿನ ಬಾವುಟ ನೆಡುವುದು ಜೈಲಿಗೆ ಕಳಿಸಬಹುದಾದ ಅಪರಾಧವಾಗಬೇಕು ಎಂದು. ಮಸೂದೆಗೆ ಅವರಿಟ್ಟ ಹೆಸರಿನಲ್ಲಿ ಕ್ರೀಡಾ ಮನೋಭಾವ ಎಂಬ ಪದವೂ ಇತ್ತು. ಅದು ಕಾಯ್ದೆಯಾಗಲಿಲ್ಲ ಎನ್ನಿ. ಆದರೂ ಮಗಳು ಆ ಸುದ್ದಿಯನ್ನು ಮುದ್ರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು, ಚಿತ್ರಾನ್ನಕ್ಕೂ ಅನ್ವಯಿಸುತ್ತದೆ ಎಂಬ ಷರಾ ಬರೆದು.

ಇನ್ನು ತರಬೇತುದಾರರ ವಿಷಯ. ಇಲ್ಲಿ ನಾನು ಸ್ವಲ್ಪ ಹೊಟ್ಟೆ ಉರಿದುಕೊಂಡೇ ಬರೆಯುತ್ತಿದ್ದೇನೆ, ಓದುಗರು ಕ್ಷಮಿಸಬೇಕು. ಓಹಾಯೊ ಸ್ಟೇಟ್ ಸರ್ಕಾರಿ ವಿಶ್ವವಿದ್ಯಾಲಯ. ಅದರ ಫುಟ್‌ಬಾಲ್ ತರಬೇತುದಾರ ರಯಾನ್ ಡೇ ಅವರಿಗೆ ಆಗ ವರ್ಷಕ್ಕೆ ಸುಮಾರು ಒಂದು ಕೋಟಿ ಡಾಲರ್ ಸಂಬಳ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಗವರ್ನರೂ ಅಲ್ಲ, ಕುಲಪತಿಯೂ ಅಲ್ಲ, ಚೆಂಡಿನ ಮೇಷ್ಟ್ರು. ಅದು ದುಡಿಯುವುದಕ್ಕೆ ಕೊಡುವ ಸಂಬಳವಾಯಿತು. ದುಡಿಯದೇ ಇರುವುದಕ್ಕೆ ಕೊಡುವುದು ಇನ್ನೂ ರೋಚಕ. ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ 2023ರ ನವೆಂಬರ್‌ನಲ್ಲಿ ಜಿಂಬೊ ಫಿಶರ್ ಎಂಬ ತರಬೇತುದಾರರನ್ನು ಮನೆಗೆ ಕಳಿಸಿತು. ಅವರು 70 ಪಂದ್ಯಗಳಲ್ಲಿ 45 ಗೆದ್ದಿದ್ದರು. ನಮ್ಮ ಲೆಕ್ಕದಲ್ಲಿ ಫಸ್ಟ್ ಕ್ಲಾಸ್, ಟೆಕ್ಸಸ್ ಲೆಕ್ಕದಲ್ಲಿ ಫೇಲು. ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾದದ್ದು ಏಳೂವರೆ ಕೋಟಿ ಡಾಲರಿಗೂ ಹೆಚ್ಚು, ನಮ್ಮ ದುಡ್ಡಿನಲ್ಲಿ 600 ಕೋಟಿ ರೂಪಾಯಿಯ ಮೇಲೆ. ಅವರು ನಾಳೆಯೇ ಬೇರೆ ಕೆಲಸಕ್ಕೆ ಸೇರಿದರೂ ಇದರಲ್ಲಿ ಕಡಿತವಿಲ್ಲ. ನಮ್ಮಲ್ಲಿ ಅಮಾನತಾದ ಗುಮಾಸ್ತ ಅರ್ಧ ಸಂಬಳದ ಜೀವನಾಧಾರ ಭತ್ಯೆ ಪಡೆಯಬೇಕಾದರೆ, ತಾನು ಬೇರೆಲ್ಲೂ ದುಡಿಯುತ್ತಿಲ್ಲ ಎಂದು ಪ್ರಮಾಣಪತ್ರ ಬರೆದುಕೊಡಬೇಕು. ಇಷ್ಟೆಲ್ಲ ಹಣ ಹರಿಯುವಾಗ ತಲೆ ಒಡೆಸಿಕೊಂಡು ಆಡುವ ಹುಡುಗರಿಗೆ 2021ರ ತನಕ ತಮ್ಮ ಸ್ವಂತ ಹೆಸರು, ಮುಖ ತೋರಿಸಿ ಜಾಹೀರಾತಿನಿಂದ ಒಂದು ಡಾಲರ್ ಗಳಿಸಲೂ ಅನುಮತಿ ಇರಲಿಲ್ಲ. ವಿದ್ಯಾರ್ಥಿಗಳ ಮನಸ್ಸು ಹಣದಿಂದ ಕೆಡಬಾರದು ಎಂಬ ಕಾಳಜಿ.

ಲೂಯಿಸಿಯಾನದವರು ಇದರಿಂದ ಪಾಠ ಕಲಿತರೇ? 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯ ಎಲ್‌ಎಸ್‌ಯು ತನ್ನ ತರಬೇತುದಾರ ಬ್ರಯಾನ್ ಕೆಲಿ ಅವರನ್ನು ತೆಗೆದುಹಾಕಿತು. ಬಾಕಿ ಲೆಕ್ಕ ಐದು ಕೋಟಿ ಡಾಲರಿಗೂ ಮೇಲೆ. ಗವರ್ನರ್ ಜೆಫ್ ಲ್ಯಾಂಡ್ರಿ ಕೆಂಡಾಮಂಡಲವಾದರು. ಮುಂದಿನ ತರಬೇತುದಾರನನ್ನು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು ಆರಿಸುವಂತಿಲ್ಲ, ಅದಕ್ಕಿಂತ ಅಧ್ಯಕ್ಷ ಟ್ರಂಪ್ ಅವರೇ ಆರಿಸಲಿ ಎಂಬರ್ಥದ ಮಾತನಾಡಿದರು. ಗಮನಿಸಿ, ಹಿಂದೆ ಟೆಕ್ಸಸ್‌ನಲ್ಲಿ ಫಿಶರ್ ಅವರನ್ನು ಕರೆತಂದದ್ದೂ ಇದೇ ನಿರ್ದೇಶಕರು. ಹಾಗಾಗಿ ಗವರ್ನರ್ ಸಿಟ್ಟಿನಲ್ಲಿ ನ್ಯಾಯ ಇಲ್ಲದಿಲ್ಲ. ಆದರೆ ಈ ಗವರ್ನರ್ ಅವರೇ ಹಿಂದಿನ ವರ್ಷ ಕ್ರೀಡಾಂಗಣಕ್ಕೆ ತಂಡದ ಲಾಂಛನವಾದ ಹುಲಿ ಜೀವಂತವಾಗಿಯೇ ಬರಬೇಕು ಎಂದು ಹಟ ಹಿಡಿದಿದ್ದರು. ವಿಶ್ವವಿದ್ಯಾಲಯ ತಾನು ಸಾಕಿದ ಹುಲಿಯನ್ನು ಕಳಿಸಲಿಲ್ಲ. ಸರಿ, ಫ್ಲಾರಿಡಾದಿಂದ ಒಮರ್ ಬ್ರಾಡ್ಲಿ ಎಂಬ ಹುಲಿಯನ್ನು ತರಿಸಿ 2024ರ ನವೆಂಬರ್ 9ರಂದು ಬೋನಿನಲ್ಲಿ ಮೈದಾನಕ್ಕೆ ತಂದರು. ಅಲಬಾಮಾ ಎದುರು ಎಲ್‌ಎಸ್‌ಯು 42-13ರಿಂದ ಸೋತಿತು. ಹುಲಿಗೆ ಏನನಿಸಿತೋ, ನಾಗರಹೊಳೆಯವುಗಳನ್ನೇ ಕೇಳಬೇಕು.

ಫ್ಲಾರಿಡಾದಲ್ಲೂ ಕಥೆ ಭಿನ್ನವಲ್ಲ. 2023ರಲ್ಲಿ ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದಿದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು ಅಂತಿಮ ನಾಲ್ಕರಿಂದ ಹೊರಗಿಟ್ಟರು ಎಂದು, ಗವರ್ನರ್ ಡಿಸ್ಯಾಂಟಿಸ್ ನ್ಯಾಯಾಲಯದ ವೆಚ್ಚಕ್ಕೆ ಹತ್ತು ಲಕ್ಷ ಡಾಲರನ್ನು ಬಜೆಟ್ ಪ್ರಸ್ತಾವದಲ್ಲೇ ಇಟ್ಟರು. ಬರ, ನೆರೆ, ಅತಿವೃಷ್ಟಿಗೆ ಪರಿಹಾರ ಕೇಳಿ ಗೊತ್ತಿದ್ದ ನನಗೆ ಸೆಮಿಫೈನಲ್ ಪರಿಹಾರ ಹೊಸದು.

ಅಲಬಾಮಾ ಮಾತ್ರ ಮಧ್ಯವರ್ತಿಗಳೇ ಬೇಡ ಎಂದಿತು. ಆಬರ್ನ್ ತಂಡದ ತರಬೇತುದಾರರಾಗಿದ್ದ ಟಾಮಿ ಟ್ಯೂಬರ್‌ವಿಲ್ ಅವರನ್ನು 2020ರಲ್ಲಿ ನೇರ ಸೆನೆಟ್‌ಗೇ ಕಳಿಸಿತು. ಆ ರಾಜ್ಯದಲ್ಲಿ ಅಲಬಾಮಾ, ಆಬರ್ನ್ ಎಂಬ ಎರಡು ವಿಶ್ವವಿದ್ಯಾಲಯಗಳ ಭಕ್ತರು ಹಾವು ಮುಂಗುಸಿ. ಆಬರ್ನ್‌ನವರು ಗೆದ್ದಾಗ ಊರ ನಾಲ್ಕುದಾರಿಯ ಓಕ್ ಮರಗಳಿಗೆ ಶೌಚದ ಕಾಗದದ ಸುರುಳಿ ಎಸೆದು ಸಂಭ್ರಮಿಸುತ್ತಾರೆ. 2010ರ ಪಂದ್ಯದ ಸೋಲು ತಾಳಲಾರದೆ ಅಲಬಾಮಾ ಭಕ್ತನೊಬ್ಬ ಆ ಮರಗಳಿಗೇ ಕಳೆನಾಶಕ ಸುರಿದು, ತಾನೇ ರೇಡಿಯೊಗೆ ಫೋನ್ ಮಾಡಿ ಹೇಳಿಕೊಂಡ. ಇಂಥ ಊರಿನಲ್ಲಿ ಟ್ಯೂಬರ್‌ವಿಲ್ ಅಲಬಾಮಾ ತಂಡವನ್ನು ಸತತ ಆರು ವರ್ಷ ಸೋಲಿಸಿದವರು. ಆದರೂ ಅಲಬಾಮಾ ಭಕ್ತರು ಓಟು ಕೊಟ್ಟರು, ಏಕೆಂದರೆ ಎದುರಿಗೆ ನಿಂತಿದ್ದವರ ಪಕ್ಷ ಬೇರೆ. ಗೆದ್ದ ಹೊಸದರಲ್ಲಿ ಅವರು ಸರ್ಕಾರದ ಮೂರು ಅಂಗಗಳನ್ನು ಹೆಸರಿಸುತ್ತಾ ಹೌಸ್, ಸೆನೆಟ್, ಕಾರ್ಯಾಂಗ ಎಂದರು. ನನ್ನ ಎಂಟನೆಯ ತರಗತಿಯಲ್ಲಿ ನ್ಯಾಯಾಂಗ ಬಿಟ್ಟವನಿಗೆ ಒಂದು ಅಂಕ ಕಡಿತ ಮಾಡಿ, ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅಂಥ ಎಷ್ಟು ಮಂದಿ ಸೆನೆಟರುಗಳ ಭವಿಷ್ಯವನ್ನು ನಾನು ಹಾಳು ಮಾಡಿದೆನೋ.

ಭೂಗೋಳ, ಗಣಿತಗಳ ಗತಿಯೂ ಅಷ್ಟೆ. ಓಹಾಯೊ, ಮಿಶಿಗನ್ ಆಡುವ ಕೂಟದ ಹೆಸರು ಬಿಗ್ ಟೆನ್. ಅದರಲ್ಲಿ ಈಗ ಇರುವುದು ಹದಿನೆಂಟು ತಂಡ. ಪೆಸಿಫಿಕ್ ಕರಾವಳಿಯ ಸ್ಟ್ಯಾನ್‌ಫರ್ಡ್ ಆಡುವುದು ಅಟ್ಲಾಂಟಿಕ್ ಕರಾವಳಿ ಕೂಟದಲ್ಲಿ. ಎಣಿಸಲು ಬರುವವರನ್ನು ವಿಶ್ವವಿದ್ಯಾಲಯಗಳು ನೇಮಿಸಿಕೊಳ್ಳುವುದಿಲ್ಲವೇ ಎಂದು ಕೇಳಿದೆ. ‘ಮಾವ, ಅವರೆಲ್ಲ ಟಿವಿ ಒಪ್ಪಂದದ ಹಣ ಎಣಿಸುತ್ತಿದ್ದಾರೆ’ ಎಂದರು ಅಳಿಯಂದಿರು.

ಕೊಲಂಬಸ್‌ನಲ್ಲಿ ರಯಾನ್ ಡೇ ಅವರನ್ನು ಕಿತ್ತೊಗೆಯಿರಿ ಎಂಬ ಕೂಗು ಎದ್ದಿತ್ತು. ಆದರೆ ಆ ವರ್ಷದಿಂದ ಅಂತಿಮ ಸುತ್ತಿಗೆ ಹನ್ನೆರಡು ತಂಡ. ಸೋತ ಓಹಾಯೊ ಹಿಂಬಾಗಿಲಿನಿಂದ ಒಳಹೊಕ್ಕು 2025ರ ಜನವರಿ 20ರಂದು ನೋತ್ರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಕಿತ್ತೊಗೆಯಬೇಕಾಗಿದ್ದ ಡೇ ಅವರ ಸಂಬಳ ವರ್ಷಕ್ಕೆ 1.25 ಕೋಟಿ ಡಾಲರಿಗೆ ಏರಿತು. ಆ ಅಂತಿಮ ಪಂದ್ಯದ ದಿನವೇ ಟ್ರಂಪ್ ಪ್ರಮಾಣವಚನ. ಪಕ್ಕದ ಮನೆಯವರಿಗೆ ಬೆಳಿಗ್ಗೆ ಒಂದು ಹಬ್ಬ, ರಾತ್ರಿ ಇನ್ನೊಂದು. ಮಗಳು ಬೆಳಿಗ್ಗೆಯೆಲ್ಲ ಮುಸುಕೆಳೆದು ಮಲಗಿದ್ದವಳು ರಾತ್ರಿ ಎದ್ದು ಅವರ ಹುಲ್ಲುಹಾಸಿಗೇ ಹೋಗಿ ಕುಣಿದಳು. ಫೆಬ್ರವರಿಯಲ್ಲಿ ಗವರ್ನರ್ ಡಿವೈನ್ ತಮ್ಮ ಉಪ ಗವರ್ನರ್ ಆಗಿ ನೇಮಿಸಿಕೊಂಡದ್ದು ಜಿಮ್ ಟ್ರೆಸೆಲ್ ಅವರನ್ನು. ಓಹಾಯೊ ಸ್ಟೇಟ್‌ನ ಹಳೆಯ ತರಬೇತುದಾರರು, ಮಿಶಿಗನ್ನರನ್ನು ಮೇಲಿಂದ ಮೇಲೆ ಸೋಲಿಸಿದವರು. ರಾಜ್ಯಭಾರಕ್ಕೆ ಅದಕ್ಕಿಂತ ಅರ್ಹತೆ ಬೇಕೇ?

ನಾವು ಊರಿಗೆ ಮರಳಿದ ಮೇಲೆ ಏಪ್ರಿಲ್‌ನಲ್ಲಿ ಅಳಿಯಂದಿರು ವಾಟ್ಸ್ಆ್ಯಪ್‌ನಲ್ಲಿ ಒಂದು ದೃಶ್ಯ ಕಳಿಸಿದರು. ಚಾಂಪಿಯನ್ನರಿಗೆ ಶ್ವೇತಭವನದಲ್ಲಿ ಸನ್ಮಾನ. ಓಹಾಯೊ ಸ್ಟೇಟ್‌ನ ಹಳೆಯ ವಿದ್ಯಾರ್ಥಿಯೇ ಆದ ಉಪಾಧ್ಯಕ್ಷ ವ್ಯಾನ್ಸ್ ಅಭಿಮಾನದಿಂದ ಟ್ರೋಫಿ ಎತ್ತಲು ಹೋಗುತ್ತಾರೆ, ಬುಡ ಕಳಚಿ ಕೆಳಗೆ ಬೀಳುತ್ತದೆ. ಅಳಿಯಂದಿರು ಅದನ್ನು ನನಗೆ ಹನ್ನೊಂದು ಸಲ ಕಳಿಸಿದರು. ಮಗಳು ಹನ್ನೆರಡನೆಯದಾಗಿ ಒಂದು ಸಂದೇಶ ಕಳಿಸಿದಳು: ಅಪ್ಪ, ಅವರ ದಿಂಬು ಎಲ್ಲಿದೆ ಗೊತ್ತಲ್ಲ.

ಈಗ ಪ್ರತಿ ಭಾನುವಾರ ನಾಲ್ಕು ವರ್ಷದ ಮೊಮ್ಮಗನಿಗೆ ವಿಡಿಯೊ ಕರೆಯಲ್ಲಿ ವರ್ಣಮಾಲೆ ಹೇಳಿಕೊಡುತ್ತಿದ್ದೇನೆ. ಕ, ಚ, ಟ, ತ ವರ್ಗಗಳನ್ನು ಗಂಟಲು ಹರಿಯುವಂತೆ ಒಪ್ಪಿಸಿದ. ಹೋದ ವಾರ ಪ ವರ್ಗಕ್ಕೆ ಬಂದೆವು. ಪ, ಫ, ಬ, ಭ ಎಂದವನು ತಟ್ಟನೆ ನಿಂತ. ಮುಂದೆ ಹೇಳು ಪುಟ್ಟ ಎಂದೆ. ಕತ್ತು ಹೊರಳಿಸಿ ಅಡುಗೆಮನೆಯ ಕಡೆ ನೋಡಿದ. ಮಿಕ್ಸಿ ತಿರುಗುವ ಸದ್ದು ಕೇಳುತ್ತಿತ್ತು. ಪರದೆಯ ಹತ್ತಿರಕ್ಕೆ ಬಂದು, ಕೈ ಅಡ್ಡ ಹಿಡಿದು, ಪಿಸುಮಾತಿನಲ್ಲಿ ‘ಮ’ ಎಂದ.