ಮಂಗನ ಕಾಯಿಲೆ: ಬೇಸಿಗೆ ಮುಗಿಯುವವರೆಗೆ ಕಾಡಿಗೆ ಹೋಗುವುದನ್ನು ನಿಷೇಧಿಸಬೇಕೇ?

ಪರ

ನಿಷೇಧಿಸಲೇಬೇಕು. ಡಿಸೆಂಬರ್‌ನಿಂದ ಮೇ ಕೊನೆಯವರೆಗೆ, ಪೂರ್ತಿಯಾಗಿ.

ನಮ್ಮ ಚಿಕ್ಕಮ್ಮ ಒಂದು ಫೆಬ್ರವರಿಯಲ್ಲಿ ಪಕ್ಕದ ಮನೆಯ ಅಕ್ಕನ ಜೊತೆ ಕಾಡಿಗೆ, ಗೊಬ್ಬರಕ್ಕೆ ಬೇಕಾದ ತರಗೆಲೆ ಗುಡಿಸಲು ಹೋಗಿದ್ದರು. ವಾರದೊಳಗೆ ಇಬ್ಬರಿಗೂ ಜ್ವರ, ಮೈಕೈ ಮುರಿಯುವಂಥ ನೋವು. ಮಾಮೂಲಿ ಜ್ವರ ಅಂದುಕೊಂಡೆವು. ಹತ್ತು ದಿನಕ್ಕೆ ಚಿಕ್ಕಮ್ಮನಿಗೆ ಜ್ವರ ಬಿಟ್ಟಿತು. ಎದ್ದು ಹಾಲೂ ಕರೆದರು. ಮತ್ತೊಂದು ವಾರಕ್ಕೆ ಜ್ವರ ಮರಳಿ ಬಂತು. ಈ ಸಲ ತಲೆ ಎತ್ತಲಾಗದ ನೋವು, ಕೈ ನಡುಕ. ಅವರು ಹೇಗೋ ಉಳಿದರು. ಆ ಅಕ್ಕ ಉಳಿಯಲಿಲ್ಲ. ಮೂಗು, ಒಸಡಿನಿಂದ ರಕ್ತ ಬರುತ್ತಿತ್ತು. ಅವತ್ತು ಇಬ್ಬರೂ ಸೇರಿ ತಂದಿದ್ದು ಎರಡು ಹೊರೆ ತರಗೆಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ರೋಗ ಇದು. ಇವತ್ತಿಗೂ ಇದಕ್ಕೆಂದೇ ಔಷಧಿ ಇಲ್ಲ. ಇದ್ದ ಲಸಿಕೆಯೂ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ನಿಲ್ಲಿಸಿದರು. ರೋಗ ಬಂದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. 2019ರಲ್ಲಿ ಸಾಗರದ ಅರಳಗೋಡಿನ ಕಡೆ ಪಟ್ಟ ಪಾಡು ಮರೆತಿಲ್ಲ, ಅಲ್ವಾ? ಇದು ಒಬ್ಬರಿಂದ ಒಬ್ಬರಿಗೆ ಹರಡುವ ಜ್ವರವಲ್ಲ. ಹೆಚ್ಚಾಗಿ ಉಣುಗು, ಅಂದರೆ ದನ, ಮಂಗಗಳ ಮೈಗೆ ಅಂಟಿ ರಕ್ತ ಹೀರುವ ಹುಳ, ಕಚ್ಚಿಯೇ ಬರುತ್ತದೆ. ಕಾಡಿಗೇ ಹೋಗದಿದ್ದರೆ ಉಣುಗು ಎಲ್ಲಿ ಕಚ್ಚುತ್ತದೆ? ಜೀವನ ನಡೆಯುವುದು ಹೇಗೆ ಎಂದು ಕೇಳುತ್ತಾರೆ. ಮೊದಲು ಜೀವ ಉಳಿಯಲಿ. ಒಂದು ವರ್ಷ ಗೊಬ್ಬರ ಕಡಿಮೆಯಾದರೆ ತೋಟ ಸಾಯುವುದಿಲ್ಲ.

ವಿರೋಧ

ನನಗೆ ವಿರೋಧದ ಕಡೆ ಬರೆಯಲು ಹೇಳಿದ್ದಾರೆ. ಮಂಗ ಸತ್ತ ಜಾಗಕ್ಕೆ ಯಾರೂ ಹೋಗಬಾರದು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಸತ್ತ ಮಂಗನ ಮೈಯಿಂದ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಆದರೆ ಆರು ತಿಂಗಳು ಇಡೀ ಕಾಡಿಗೆ ಬೀಗ ಹಾಕುವುದು ಹೇಗೆ? ಮನೆಮನೆಯ ಮುಂದೆ ಪೊಲೀಸರನ್ನು ನಿಲ್ಲಿಸಬೇಕಾ? ನಮ್ಮ ಹಿತ್ತಲಿನ ಬೇಲಿ ದಾಟಿದರೆ ಸೊಪ್ಪಿನ ಬೆಟ್ಟ, ಅಂದರೆ ನಾವು ಸೊಪ್ಪು, ತರಗೆಲೆ ತರುವ ಕಾಡು. ಕೊಟ್ಟಿಗೆಗೆ ಹಾಸುವ ತರಗೆಲೆ ಉದುರುವುದೂ ಇದೇ ತಿಂಗಳುಗಳಲ್ಲಿ.

ಇನ್ನೊಂದು ಮಾತು. ಮೇಯಲು ಹೋದ ದನ ಉಣುಗನ್ನು ಹೊತ್ತುಕೊಂಡು ಸೀದಾ ಕೊಟ್ಟಿಗೆಗೆ ಬರುತ್ತದೆ. ಮನುಷ್ಯರನ್ನು ಮಾತ್ರ ತಡೆದರೆ ಸಾಲದು.

ನಿಷೇಧ ಮಾಡಿದರೆ ಜನ ಕದ್ದು ಹೋಗುತ್ತಾರೆ. ಕದ್ದು ಹೋದವರು ಜ್ವರ ಬಂದರೂ ಬಾಯಿ ಬಿಡುವುದಿಲ್ಲ. ನನಗೆ ಜಾಸ್ತಿ ಭಯ ಅದರದ್ದೇ. ಅದರ ಬದಲು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಡಿಸೆಂಬರ್‌ಗೆ ಮುಂಚೆಯೇ ಎಲ್ಲ ಮನೆಗೂ ಸಿಗಲಿ. ಕಾಡಿನಿಂದ ಬಂದವರು ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆಯಲಿ. ಜ್ವರ ಬಂದ ದಿನವೇ ಆಶಾ ಕಾರ್ಯಕರ್ತೆಗೆ ಹೇಳಲಿ.