ನಮ್ಮ ಕಡೆ ಏರಿಗೆ ನೆಕ್ಸಾನೋ ಬ್ರೆಝಾನೋ

ಹಾಸನ, ಚಿಕ್ಕಮಗಳೂರು ಕಡೆ ಸಣ್ಣ ಎಸ್‌ಯುವಿ ನೋಡುವವರ ಮಾತು ಸುತ್ತಿ ಸುತ್ತಿ ಬಂದು ನಿಲ್ಲೋದು ಇಲ್ಲಿಗೇ: ಟಾಟಾ ನೆಕ್ಸಾನ್ ತಗೊಳ್ಳೋದಾ, ಮಾರುತಿ ಬ್ರೆಝಾ ತಗೊಳ್ಳೋದಾ? ಈ ಪ್ರಶ್ನೆಗೆ ಸಿಗುವ ಉತ್ತರವೆಲ್ಲ ಮೈಲೇಜು, ಸನ್‌ರೂಫು, ಸ್ಕ್ರೀನ್ ಎಷ್ಟು ಇಂಚು ಅನ್ನೋದರ ಮೇಲೇ ಇರುತ್ತೆ. ಲೈಸೆನ್ಸ್ ಇದ್ದೂ ಏರಲ್ಲಿ ಗಾಡಿ ನಿಲ್ಲಿಸಿ ಎತ್ತೋಕೆ ಹೆದರುವವರು, ಮಳೆಗಾಲ ಬಂತೆಂದರೆ ಕೀ ಮನೆಯವರ ಕೈಗೆ ಕೊಟ್ಟು ಪಕ್ಕದ ಸೀಟಿಗೆ ಹೋಗುವವರು ನಮ್ಮಲ್ಲಿ ಬಹಳ ಜನ. ಅವರಿಗೆ ಬೇಕಾದ ಉತ್ತರ ಬೇರೆ. ಆ ಒಂದೇ ಕಣ್ಣಿಂದ ಈ ಎರಡು ಗಾಡಿಗಳನ್ನು ನೋಡೋಣ.

ಮೊದಲು ಇಂಜಿನ್. ಬ್ರೆಝಾದಲ್ಲಿರೋದು 1462 ಸಿಸಿ, ನಾಲ್ಕು ಸಿಲಿಂಡರ್, ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಇಂಜಿನ್. ಸುಮಾರು 103 ಪಿಎಸ್ ಶಕ್ತಿ, 137 ಎನ್ಎಂ ಎಳೆತ. ನೆಕ್ಸಾನ್ ಪೆಟ್ರೋಲ್ 1199 ಸಿಸಿ, ಮೂರು ಸಿಲಿಂಡರ್, ಟರ್ಬೊ; 120 ಪಿಎಸ್, 170 ಎನ್ಎಂ. ಕಾಗದದ ಮೇಲೆ ನೆಕ್ಸಾನ್ ಮುಂದಿದೆ. ಆದರೆ ಆ ಎಳೆತ ಯಾವಾಗ ಸಿಗುತ್ತೆ ಅನ್ನೋದರಲ್ಲೇ ವಿಷಯ ಇರೋದು. ನೆಕ್ಸಾನ್‌ಗೆ ಪೂರ್ತಿ 170 ಬರೋದು 1750 ಆರ್‌ಪಿಎಂನಿಂದ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತೆ ಅನ್ನೋ ಲೆಕ್ಕ) 4000ದವರೆಗೆ. ಬ್ರೆಝಾಗೆ ಪೂರ್ತಿ ಎಳೆತ ಬರಬೇಕಾದರೆ 4400ಕ್ಕೆ ಹೋಗಬೇಕು, ಆದರೆ ಕೆಳಗಿನಿಂದಲೂ ಅದು ಸಮನಾಗಿ ಏರುತ್ತಾ ಹೋಗುತ್ತೆ.

ಚಾರ್ಮಾಡಿಯ ಒಂದು ಹೇರ್‌ಪಿನ್ ಕಣ್ಣ ಮುಂದೆ ತಂದುಕೊಳ್ಳಿ. ಕೆಳಗಿನಿಂದ ಹತ್ತುತ್ತಿದ್ದೀರಿ, ಎರಡನೇ ಗೇರು, ಎದುರಿಂದ ಬಸ್ಸು ಬಂತು, ವೇಗ ಹದಿನೈದಕ್ಕೆ ಇಳಿಯಿತು. ನೆಕ್ಸಾನ್ ಇಂಜಿನ್ ಈಗ 1500ರ ಕೆಳಗಿದೆ, ಟರ್ಬೊ ಮಲಗಿದೆ. ಆಕ್ಸಿಲರೇಟರ್ ಒತ್ತುತ್ತೀರಿ, ಗಾಡಿ ಗೊರಗೊರ ಅನ್ನುತ್ತೆ, ಹತ್ತಲ್ಲ. ಇನ್ನೂ ಒತ್ತುತ್ತೀರಿ. ಒಂದು ಕ್ಷಣ ಕಳೆದು ಟರ್ಬೊ ಎದ್ದು ಗಾಡಿ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತೆ, ಅದೂ ಸ್ಟೇರಿಂಗ್ ಪೂರ್ತಿ ತಿರುಗಿರುವಾಗ. ಹೊಸಬರ ಜೀವ ಬಾಯಿಗೆ ಬರೋದು ಇಲ್ಲೇ. ಪರಿಹಾರ ಸುಲಭ: ತಿರುವಿನ ಒಳಗೆ ಹೋದ ಮೇಲೆ ಪರದಾಡಬೇಡಿ, ತಿರುವು ಶುರುವಾಗುವ ಮೊದಲೇ ಒಂದನೇ ಗೇರಿಗೆ ಬನ್ನಿ, ಆರ್‌ಪಿಎಂ ತೋರಿಸುವ ಟ್ಯಾಕೊಮೀಟರ್ ಮುಳ್ಳು 2000ದ ಮೇಲೆ ಇರಲಿ. ಇದು ಕೈಗೆ ಕೂತರೆ ನೆಕ್ಸಾನ್ ಆನೆಯ ಹಾಗೆ ಹತ್ತುತ್ತೆ. ಬ್ರೆಝಾದಲ್ಲಿ ಈ ಜಿಗಿತ ಇಲ್ಲ. ಕಾಲು ಎಷ್ಟು ಒತ್ತುತ್ತೋ ಅಷ್ಟೇ ಗಾಡಿ ಹೋಗುತ್ತೆ. ಕಾಲಿನ ಲೆಕ್ಕ ಇನ್ನೂ ಕೂರದವರಿಗೆ ಇದು ದೊಡ್ಡ ಆಸರೆ.

ಆದರೆ ಬ್ರೆಝಾಗೂ ಒಂದು ಮಿತಿ ಇದೆ, ಅದು ನಮ್ಮ ಊರಿನ ಎತ್ತರಕ್ಕೇ ಸಂಬಂಧಪಟ್ಟದ್ದು. ಟರ್ಬೊ ಇಲ್ಲದ ಇಂಜಿನ್ ಪ್ರತಿ ನೂರು ಮೀಟರ್ ಎತ್ತರಕ್ಕೆ ಹೆಚ್ಚುಕಮ್ಮಿ ಶೇಕಡ ಒಂದರಷ್ಟು ಶಕ್ತಿ ಕಳೆದುಕೊಳ್ಳುತ್ತೆ, ಯಾಕಂದರೆ ಮೇಲೆ ಹೋದಷ್ಟೂ ಗಾಳಿ ತೆಳು. ಹಾಸನ, ಚಿಕ್ಕಮಗಳೂರು ಎರಡೂ ಇರೋದು ಸಾವಿರ ಮೀಟರ್ ಆಸುಪಾಸು. ಅಂದರೆ ಮನೆ ಮುಂದೆ ನಿಂತಿರುವಾಗಲೇ ಬ್ರೆಝಾದ 103ರಲ್ಲಿ ಹತ್ತು ಹೋಯ್ತು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯ ಹತ್ತಿರಕ್ಕೆ ಹೋಗುವಷ್ಟರಲ್ಲಿ ಇನ್ನೂ ಎಂಟೊಂಬತ್ತು ಹೋಗಿರುತ್ತೆ. ಟರ್ಬೊ ತಾನೇ ಗಾಳಿ ಒತ್ತಿ ತುಂಬುವುದರಿಂದ ನೆಕ್ಸಾನ್‌ಗೆ ಈ ನಷ್ಟ ಬಹಳ ಕಮ್ಮಿ. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಬೇರೆ ಹಾಕಿಕೊಂಡು ಶಿರಾಡಿಯಲ್ಲಿ ಕಂಟೇನರ್ ಲಾರಿ ಹಿಂದೆ ಸಿಕ್ಕಿಕೊಂಡಾಗ ಬ್ರೆಝಾದವರು ಎರಡು ಗೇರು ಇಳಿಸಿ 4000ಕ್ಕೆ ಏರಿಸಲೇಬೇಕು. ಇಂಜಿನ್ ಕಿರುಚುತ್ತೆ. ಆ ಸದ್ದಿಗೆ ಹೆದರಿ ಅರ್ಧಕ್ಕೆ ಕಾಲು ಎತ್ತಬೇಡಿ, ಇಂಜಿನ್‌ಗೆ ಏನೂ ಆಗಲ್ಲ. ಓವರ್‌ಟೇಕ್ ನಡುವೆ ಕಾಲು ಎತ್ತೋದೇ ಅಪಾಯ. ಎದುರಿನ ರಸ್ತೆ ಪೂರ್ತಿ ಕಾಣದಿದ್ದರೆ ಯಾವ ಗಾಡಿಯಲ್ಲೂ ಓವರ್‌ಟೇಕ್‌ಗೆ ಹೊರಗೆ ತೆಗೀಬೇಡಿ.

ಆಟೊಮ್ಯಾಟಿಕ್ ಬೇಕು ಅನ್ನುವವರಿಗೆ ನನ್ನ ಮಾತು ನೇರ: ಬ್ರೆಝಾ. ಅದರಲ್ಲಿರೋದು ಆರು ಗೇರಿನ ಟಾರ್ಕ್ ಕನ್ವರ್ಟರ್, ಅಂದರೆ ಮಾಮೂಲಿ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಬಗೆ. ಬ್ರೇಕಿಂದ ಕಾಲು ತೆಗೆದರೆ ಗಾಡಿ ಮೆಲ್ಲಗೆ ತೆವಳುತ್ತೆ, ಏರಲ್ಲೂ ನಯವಾಗಿ ಹೊರಡುತ್ತೆ. ನೆಕ್ಸಾನ್‌ನಲ್ಲಿ ಎರಡು ಬಗೆ ಇವೆ. ಒಂದು ಎಎಂಟಿ, ಅಂದರೆ ಅದೇ ಮಾಮೂಲಿ ಕ್ಲಚ್ಚನ್ನು ಮೋಟರ್ ಒತ್ತುತ್ತೆ. ಗೇರು ಬದಲಾಗುವಾಗ ತಲೆ ಒಮ್ಮೆ ಮುಂದಕ್ಕೆ ವಾಲುತ್ತೆ, ಏರಲ್ಲಿ ಒಂದು ಗಳಿಗೆ ಎಳೆತವೇ ಕಡಿದುಹೋದ ಹಾಗಾಗುತ್ತೆ. ಇನ್ನೊಂದು ಏಳು ಗೇರಿನ ಡ್ಯುಯಲ್ ಕ್ಲಚ್, ಅದು ಪೆಟ್ರೋಲಿಗೆ ಮಾತ್ರ. ಓಡುವಾಗ ಅದರಷ್ಟು ಚುರುಕು ಬೇರೆ ಇಲ್ಲ. ಆದರೆ ಭಾನುವಾರ ಮುಳ್ಳಯ್ಯನಗಿರಿ ದಾರಿಯ ಕೈಮರದಿಂದ ಮೇಲಕ್ಕೆ ಗಾಡಿಗಳ ಸಾಲು ನಿಂತಾಗ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಏರಲ್ಲಿ ಗಾಡಿ ಹಿಡಿದು ನಿಲ್ಲಿಸಿದರೆ ಒಳಗಿನ ಕ್ಲಚ್ ಬಿಸಿಯಾಗುತ್ತೆ. ಬ್ರೇಕ್ ಒತ್ತಿ ನಿಲ್ಲಿ, ಮುಂದಿನ ಗಾಡಿ ಒಂದು ಗಾಡಿಯಷ್ಟು ಜಾಗ ಬಿಡುವವರೆಗೆ ಕಾಯಿರಿ, ಆಮೇಲೆ ಒಮ್ಮೆಗೇ ಹೋಗಿ.

ಮ್ಯಾನುವಲ್‌ನವರಿಗೆ ಎರಡರಲ್ಲೂ ಹಿಲ್ ಹೋಲ್ಡ್ ಇದೆ. ಅದು ಬ್ರೇಕಿಂದ ಕಾಲು ತೆಗೆದ ಮೇಲೆ ಸುಮಾರು ಎರಡು ಸೆಕೆಂಡ್ ಗಾಡಿ ಹಿಡಿಯುತ್ತೆ, ಅಷ್ಟೇ. ಕಡಿದಾದ ಏರಲ್ಲಿ ಅದರ ಮೇಲೆ ಭಾರ ಹಾಕದೆ ಹ್ಯಾಂಡ್‌ಬ್ರೇಕ್ ಎಳೆದು, ಹಾಫ್ ಕ್ಲಚ್‌ಗೆ ತಂದು, ಬಾನೆಟ್ ಸ್ವಲ್ಪ ಮೇಲೆದ್ದ ಹಾಗೆ ಕಂಡಾಗ ಹ್ಯಾಂಡ್‌ಬ್ರೇಕ್ ಬಿಡಿ. ಹಳೆಯ ವಿದ್ಯೆಯೇ, ಆದರೆ ಕೈಬಿಡೋದಿಲ್ಲ.

ಬ್ರೆಝಾದ ಇನ್ನೊಂದು ದೊಡ್ಡ ಗುಣ ಸೀಟಿನಿಂದ ಸುತ್ತಮುತ್ತ ಚೆನ್ನಾಗಿ ಕಾಣೋದು. ಎತ್ತರ 1685 ಮಿ.ಮೀ., ನೆಕ್ಸಾನ್ 1620. ಬ್ರೆಝಾದ ಚಪ್ಪಟೆ ಬಾನೆಟ್ಟಿನ ಎರಡೂ ಮೂಲೆ ಸೀಟಿನಿಂದ ಕಾಣುತ್ತೆ, ಗಾಜು ನೆಟ್ಟಗಿದೆ. ತೋಟದ ರಸ್ತೆಯಲ್ಲಿ ಚರಂಡಿ ಎಷ್ಟು ದೂರ ಅಂತ ಅಂದಾಜು ಸಿಗುತ್ತೆ. ನೆಕ್ಸಾನ್‌ನ ಹಿಂದಿನ ಗಾಜು ಚಿಕ್ಕದು, ಹಿಂದಿನ ಕಂಬ ದಪ್ಪ. ರಿವರ್ಸ್‌ಗೆ ಕ್ಯಾಮೆರಾ ಇಲ್ಲದ ವೇರಿಯೆಂಟ್ ತಗೊಳ್ಳಲೇಬೇಡಿ. ಎರಡರಲ್ಲೂ ಬೇಸ್ ವೇರಿಯೆಂಟ್‌ಗೆ ಹಿಂದಿನ ವೈಪರ್ ಇಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗೆ ಅದು ಸನ್‌ರೂಫಿಗಿಂತ ಹತ್ತು ಪಾಲು ಮುಖ್ಯ.

ಜುಲೈನಲ್ಲಿ ಕೊಟ್ಟಿಗೆಹಾರದ ಮಂಜಿಗೆ ಒಳಗಿನಿಂದ ಗಾಜು ಬೆಳ್ಳಗಾಗುತ್ತೆ. ಆಗ ಎಸಿ ಆನ್, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್, ಗಾಳಿ ಮುಂದಿನ ಗಾಜಿಗೆ. ಬ್ರೆಝಾದಲ್ಲಿ ಇದಕ್ಕೆ ಒತ್ತುವ ಬಟನ್‌ಗಳಿವೆ, ರಸ್ತೆಯಿಂದ ಕಣ್ಣು ತೆಗೆಯದೆ ಬೆರಳಿಗೆ ಸಿಗುತ್ತವೆ. 2023ರ ನಂತರದ ನೆಕ್ಸಾನ್‌ನಲ್ಲಿ ಹೆಚ್ಚಿನವು ಟಚ್ ಪ್ಯಾನೆಲ್. ಅದು ಸರಿಯಾದ ತೀರ್ಮಾನ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಮಂಜಲ್ಲಿ ಹೈಬೀಮ್ ಹಾಕಬೇಡಿ, ಬೆಳಕು ವಾಪಸ್ ಕಣ್ಣಿಗೇ ಬರುತ್ತೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕೋದೂ ಬೇಡ, ನೀವು ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವರಿಗೆ ಗೊತ್ತಾಗಲ್ಲ.

ಸುರಕ್ಷತೆಯಲ್ಲಿ ನೆಕ್ಸಾನ್ ಮುಂದೆ, ಇದರಲ್ಲಿ ಎರಡು ಮಾತಿಲ್ಲ. 2018ರಲ್ಲಿ ಗ್ಲೋಬಲ್ ಎನ್‌ಸಿಎಪಿ ಅನ್ನೋ ಸಂಸ್ಥೆಯ ಡಿಕ್ಕಿ ಹೊಡೆಸಿ ನೋಡುವ ಪರೀಕ್ಷೆಯಲ್ಲಿ ಐದು ಸ್ಟಾರ್ ತಗೊಂಡ ಮೊದಲ ಭಾರತೀಯ ಕಾರು ಅದು. 2024ರಲ್ಲಿ ಇನ್ನೂ ಕಠಿಣ ನಿಯಮದಲ್ಲೂ ಐದು ಬಂತು. ಬ್ರೆಝಾಗೆ ನಾಲ್ಕು ಸ್ಟಾರ್ ಅಂತ ಹೇಳೋದು 2018ರಲ್ಲಿ ಪರೀಕ್ಷೆಯಾದ ಹಳೆಯ ವಿಟಾರಾ ಬ್ರೆಝಾದ ಲೆಕ್ಕ, 2022ರ ಹೊಸ ಗಾಡಿಗೆ ಅದನ್ನು ಅಂಟಿಸಬಾರದು. ಹೊಸತರಲ್ಲಿ ಎರಡಕ್ಕೂ ಆರು ಏರ್‌ಬ್ಯಾಗ್ ಬರುತ್ತೆ. ಸೆಕೆಂಡ್ ಹ್ಯಾಂಡ್ ನೋಡುವವರು ಮಾತ್ರ ಹುಷಾರು: 2022ರಿಂದ 24ರವರೆಗಿನ ಬ್ರೆಝಾ ಕೆಳಗಿನ ವೇರಿಯೆಂಟ್‌ಗಳಲ್ಲಿ ಎರಡೇ ಇವೆ.

ಬೆಲೆಯ ಬಗ್ಗೆ ಒಂದೇ ಮಾತು. ನಾಲ್ಕು ಮೀಟರ್ ಒಳಗಿದ್ದೂ ಬ್ರೆಝಾ ಪೆಟ್ರೋಲ್ ಇಂಜಿನ್ 1200 ಸಿಸಿ ದಾಟುವುದರಿಂದ 2025ರ ಸೆಪ್ಟೆಂಬರ್ 22ರ ನಂತರವೂ ಅದಕ್ಕೆ 40 ಪರ್ಸೆಂಟ್ ಜಿಎಸ್‌ಟಿ, ನೆಕ್ಸಾನ್‌ಗೆ 18. ಅದೇ ದುಡ್ಡಿಗೆ ನೆಕ್ಸಾನ್‌ನಲ್ಲಿ ಒಂದೆರಡು ಸೌಲಭ್ಯ ಜಾಸ್ತಿ ಸಿಗೋದು ಇದಕ್ಕೇ.

ನೆಕ್ಸಾನ್ ಡೀಸೆಲ್ 260 ಎನ್ಎಂ. ವಾರಕ್ಕೆರಡು ಸಲ ಮಂಗಳೂರಿಗೋ ಬೆಂಗಳೂರಿಗೋ ಹೋಗುವವರಿಗೆ, ತೋಟಕ್ಕೆ ಭಾರ ಹೊತ್ತು ಹತ್ತುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಹಾಸನದೊಳಗೇ ಮಕ್ಕಳ ಸ್ಕೂಲು, ಮಾರ್ಕೆಟ್ಟು ಅಂತ ಮೂರು ನಾಲ್ಕು ಕಿಲೋಮೀಟರ್ ಓಡಿಸುವವರು ತಗೊಳ್ಳಲೇಬೇಡಿ. ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್ ಫಿಲ್ಟರಿಗೆ ಮಸಿ ಕಟ್ಟುತ್ತೆ. ಅದು ಉರಿದು ಹೋಗಲು ಬಿಸಿ ಇಂಜಿನ್‌ನಲ್ಲಿ ಹದಿನೈದಿಪ್ಪತ್ತು ನಿಮಿಷ ನಿಲ್ಲದ ಓಟ ಬೇಕು. ದೀಪ ಬಂದಾಗ ಅಸಡ್ಡೆ ಮಾಡಿದರೆ ಬಿಲ್ ದೊಡ್ಡದಾಗುತ್ತೆ.

ಕೆಸರಿನ ವಿಷಯದಲ್ಲಿ ಯಾರ ಮಾತೂ ನಂಬಬೇಡಿ. ನೆಕ್ಸಾನ್ ನೆಲದಿಂದ 208 ಮಿ.ಮೀ., ಬ್ರೆಝಾ 198. ಎರಡೂ ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ ಕೊಡುವ ಗಾಡಿಗಳು, ಜೀಪಲ್ಲ. ಒದ್ದೆ ಕೆಮ್ಮಣ್ಣಿನ ಏರಲ್ಲಿ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಸುಮ್ಮನೆ ತಿರುಗುತ್ತೆ. ಆಗ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಶಕ್ತಿಯನ್ನೇ ಕಡಿದುಬಿಡುತ್ತೆ. ಆ ಹತ್ತು ಮಾರಿಗೆ ಮಾತ್ರ ಅದನ್ನು ಆಫ್ ಮಾಡಿ, ದಾಟಿದ ಮೇಲೆ ಮರೆಯದೆ ಆನ್ ಮಾಡಿ. ಆಗಲೂ ಆಗದಿದ್ದರೆ, ಜಾಗ ಇದ್ದರೆ, ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿ. ಭಾರ ಎಳೆಯುವ ಚಕ್ರದ ಮೇಲೇ ಬೀಳುತ್ತೆ.

ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಆಟೊಮ್ಯಾಟಿಕ್ ಆದರೆ ಮ್ಯಾನುವಲ್ ಮೋಡಿಗೆ ಹಾಕಿ ಎರಡರಲ್ಲಿ ಹಿಡಿಯಿರಿ. ಬ್ರೇಕ್ ಮೇಲೆ ಕಾಲು ಇಟ್ಟೇ ಇಳಿದರೆ ಸುಟ್ಟ ವಾಸನೆ ಬಂದು ಪೆಡಲ್ ಒತ್ತಿದಷ್ಟೂ ಹಿಡಿಯದ ಹಾಗಾಗುತ್ತೆ. ಹಾಗಾದರೆ ಅಗಲ ಜಾಗ ನೋಡಿ ಇಪ್ಪತ್ತು ನಿಮಿಷ ನಿಲ್ಲಿಸಿ. ಬಿಸಿ ಡಿಸ್ಕಿಗೆ ನೀರು ಹಾಕಬೇಡಿ, ಡೊಂಕಾಗುತ್ತೆ.

ಒಟ್ಟಿನಲ್ಲಿ, ಈಗ ತಾನೇ ಕಲಿತವರು, ಆಟೊಮ್ಯಾಟಿಕ್ ಬೇಕೆನ್ನುವವರು, ಊರೊಳಗಿನ ಓಡಾಟವೇ ಹೆಚ್ಚಿರುವವರು ಬ್ರೆಝಾ ತಗೊಳ್ಳಿ. ಕ್ಲಚ್ ಕೈಗೆ ಕೂತವರು, ವಾರ ವಾರ ಘಾಟಿ ಇಳಿದು ಹತ್ತುವವರು ನೆಕ್ಸಾನ್ ಮ್ಯಾನುವಲ್ ತಗೊಳ್ಳಿ. ಆದರೆ ಅಡ್ವಾನ್ಸ್ ಕೊಡುವ ಮೊದಲು ಶೋರೂಮಿನವರು ಕರೆದೊಯ್ಯುವ ಬೈಪಾಸಿನ ಟೆಸ್ಟ್ ಡ್ರೈವ್‌ಗೆ ಒಪ್ಪಬೇಡಿ. ಚಿಕ್ಕಮಗಳೂರಾದರೆ ಕೈಮರ ದಾಟಿ, ಹಾಸನದವರು ಸಕಲೇಶಪುರದ ಕಡೆ ಯಾವುದಾದರೂ ತೋಟದ ಏರಿಗೆ ಹೋಗಲೇಬೇಕು ಅಂತ ಕೇಳಿ. ನಾಲ್ಕು ಜನ ಕೂತಿರಲಿ, ಎಸಿ ಹಾಕಿರಲಿ. ಏರಲ್ಲಿ ಪೂರ್ತಿ ನಿಲ್ಲಿಸಿ ಮೂರು ಸಲ ಎತ್ತಿ ನೋಡಿ, ಒಂದು ಸಲ ರಿವರ್ಸ್ ಬನ್ನಿ. ಮನೆಯಲ್ಲಿ ದಿನಾ ಯಾರು ಓಡಿಸುತ್ತಾರೋ ಅವರೇ ಸೀಟಲ್ಲಿ ಕೂತಿರಬೇಕು.