ಅಂತೋನಿಯವರ ಊರಲ್ಲಿ ಅಮ್ಮನ ಶೂ

ಇಟಲಿಯ ಪಾದುವಾ ಊರಿಗೆ ಹೋಗಬೇಕು ಅಂತ ನಮ್ಮ ಮನೆಯಲ್ಲಿ ಮೂವರಿಗೂ ಆಸೆ ಇತ್ತು, ಮೂವರಿಗೂ ಬೇರೆ ಬೇರೆ ಕಾರಣಕ್ಕೆ. ನನ್ನ ಹೆಂಡತಿಗೆ ಅಲ್ಲಿನ ಸ್ಕ್ರೊವೆಞ್ಞಿ ಚಾಪೆಲ್ ಅನ್ನುವ ಪುಟ್ಟ ಚರ್ಚು ನೋಡಬೇಕಿತ್ತು, ಏಳುನೂರು ವರ್ಷ ಹಿಂದೆ ಜೊತ್ತೊ ಅನ್ನುವ ಚಿತ್ರಕಾರ ಗೋಡೆ ತುಂಬಾ ಬರೆದ ಚಿತ್ರಗಳು ಅಲ್ಲಿವೆ. ಅಮ್ಮನಿಗೆ ಸಂತ ಅಂತೋನಿಯವರನ್ನು ನೋಡಬೇಕಿತ್ತು. ನನಗೆ ಅವರಿಬ್ಬರೂ ಒಂದೇ ದಿನ ಖುಷಿಯಾಗಿರೋದನ್ನು ನೋಡಬೇಕಿತ್ತು.

ಅಮ್ಮನಿಗೂ ಅಂತೋನಿಯವರಿಗೂ ಏನು ಸಂಬಂಧ ಅಂತ ಕೇಳಬೇಡಿ. ನಮ್ಮದು ಕೆ.ಆರ್. ನಗರದ ಕಡೆ. ಅಲ್ಲಿಂದ ದೋರನಹಳ್ಳಿ ಹತ್ತಿರ. ದೋರನಹಳ್ಳಿ ಅಂತೋನಿಯವರಿಗೆ ಹರಕೆ ಹೊರೋಕೆ ಜಾತಿ ಧರ್ಮ ಏನೂ ಅಡ್ಡ ಬರೋಲ್ಲ. ಕಳೆದುಹೋದ ವಸ್ತು ಹುಡುಕಿಕೊಡುವ ಸಂತ ಅಂತ ಅವರ ಹೆಸರು. ಅಮ್ಮ ಒಮ್ಮೆ ಕಿವಿಯ ಓಲೆ ಕಳೆದುಕೊಂಡು ಅಲ್ಲಿ ಹೇಳಿಕೊಂಡು ಬಂದಿದ್ದರಂತೆ, ಮೂರನೇ ದಿನ ಅಕ್ಕಿ ಡಬ್ಬದಲ್ಲಿ ಸಿಕ್ಕಿತಂತೆ. ಅವರೇ ಈ ಅಂತೋನಿ, ಪಾದುವಾದ ಅಂತೋನಿ. ಹುಟ್ಟಿದ್ದು ಲಿಸ್ಬನ್‌ನಲ್ಲಿ, ತೀರಿಕೊಂಡಿದ್ದು 1231ರಲ್ಲಿ ಪಾದುವಾ ಹತ್ತಿರ. ಇದನ್ನು ಹೇಳಿದಾಗ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. 'ಅಂದ್ರೆ ಇದು ಅವರ ತವರು ಅನ್ನು' ಅಂದರು.

ನಾವಿರೋದು ಮ್ಯೂನಿಕ್‌ನಲ್ಲಿ. ಅಮ್ಮ ಮೂರು ತಿಂಗಳಿಗೆ ಅಂತ ಬಂದಿದ್ದರು. ಚಳಿಗೆ ಅಂತ ನಾನು ಅವರಿಗೆ ಬೆಳ್ಳಗೆ ಹೊಳೆಯುವ ಸ್ಪೋರ್ಟ್ಸ್ ಶೂ ಕೊಡಿಸಿದ್ದೆ. ಮೈಸೂರು ಸಿಲ್ಕ್ ಸೀರೆ, ಮೇಲೆ ಸ್ವೆಟರ್, ಕೆಳಗೆ ಆ ಶೂ. ವೆನಿಸ್‌ನಲ್ಲಿ ಜನ ಚರ್ಚು ಬಿಟ್ಟು ಅಮ್ಮನ ಫೋಟೊ ತೆಗೆದರು. ಶೂ ನೆನಪಿಟ್ಟುಕೊಳ್ಳಿ.

ಈ ಚಾಪೆಲ್‌ಗೆ ಸುಮ್ನೆ ಹೋಗಿ ನುಗ್ಗೋ ಹಾಗಿಲ್ಲ. ಮೊದಲೇ ಟಿಕೆಟ್ ಕಾದಿರಿಸಬೇಕು. ಒಂದು ಸಲಕ್ಕೆ 25 ಜನ. ಮೊದಲು ಗಾಜಿನ ಕೋಣೆಯಲ್ಲಿ 15 ನಿಮಿಷ ಕೂರಿಸುತ್ತಾರೆ, ಆಮೇಲೆ ಒಳಗೆ 15 ನಿಮಿಷ, ಅಷ್ಟೇ. ನಮ್ಮ ಉಸಿರಿನ ತೇವ, ಬಟ್ಟೆಯ ದೂಳು ಇವೆಲ್ಲ ಚಿತ್ರಗಳಿಗೆ ಶತ್ರು, ಹಾಗಾಗಿ ಒಳಗೆ ಬಿಡೋ ಮುಂಚೆ ನಮ್ಮನ್ನು ಆ ಕೋಣೆಯಲ್ಲಿಟ್ಟು ಗಾಳಿಯನ್ನು ಹದ ಮಾಡುತ್ತಾರೆ. ಅಮ್ಮ ಇದನ್ನು ಕೇಳಿ 'ಮಡಿ' ಅಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳೋಕೆ ಆಗಲ್ಲ.

ಹೆಂಡತಿ ಮೂರು ವಾರ ಮೊದಲೇ ಟಿಕೆಟ್ ತೆಗೆದಿದ್ದಳು. ತಡವಾಗಿ ಹೋದರೆ ಟಿಕೆಟ್ ಹೋದ ಹಾಗೇ ಅಂತ ವೆನಿಸ್ ಸ್ಟೇಷನ್‌ನಲ್ಲಿ ನಾಲ್ಕು ಸಲ ಹೇಳಿದಳು. ನಾಲ್ಕನೇ ಸಲ ಹೇಳುತ್ತಿದ್ದಾಗಲೇ, ಟ್ರೇನ್ ಹತ್ತೋ ಮುಂಚೆ ಕಾಗದದ ಟಿಕೆಟ್ಟಿಗೆ ಅಲ್ಲಿನ ಮೆಷಿನ್‌ನಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು ಅನ್ನೋದು ನೆನಪಾಗಿ ನಾನು ಪ್ಲಾಟ್‌ಫಾರ್ಮಿನ ಆ ತುದಿಗೆ ಓಡಿದೆ. ವಾಪಸ್ ಬರುವಷ್ಟರಲ್ಲಿ ಟ್ರೇನ್ ಹೊರಟುಹೋಗಿತ್ತು. ಹೆಂಡತಿ ಏನೂ ಹೇಳಲಿಲ್ಲ. ಮುಂದಿನ ಟ್ರೇನ್ ಬರೋವರೆಗೂ ಏನೂ ಹೇಳಲಿಲ್ಲ, ಅದು ಜಾಸ್ತಿ ಭಯ.

ಪಾದುವಾ ತಲುಪಿದ ಮೇಲೆ ಸ್ಟೇಷನ್‌ನಿಂದ ನೇರ ದಾರಿ, ಹತ್ತು ನಿಮಿಷದ ನಡಿಗೆ. ನಾವು ಆರು ನಿಮಿಷದಲ್ಲಿ ನಡೆದೆವು, ಅಮ್ಮ ಎಲ್ಲರಿಗಿಂತ ಮುಂದೆ. ಶೂ ಮಹಿಮೆ. ಬ್ಯಾಗ್ ಒಳಗೆ ತೆಗೆದುಕೊಂಡು ಹೋಗುವಂತಿಲ್ಲ ಅಂದರು, ಕೊಟ್ಟು ಚೀಟಿ ಇಸಿದುಕೊಂಡು ಓಡಿ ಗಾಜಿನ ಕೋಣೆಯಲ್ಲಿ ಕೂತಾಗಲೇ ನನಗೆ ಗೊತ್ತಾಗಿದ್ದು, ಮೂಗಿನ ಮೇಲೆ ಇರೋದು ಓದೋ ಕನ್ನಡಕ ಅಂತ. ದೂರದ್ದು ಬ್ಯಾಗಿನಲ್ಲಿ. ಬಾಗಿಲು ಮುಚ್ಚಿಯಾಗಿತ್ತು.

ಎದುರಿಗೆ ವಿಡಿಯೊ ಓಡುತ್ತಿತ್ತು. ನನಗೆ ಅದೂ ಮಸುಕು. ಹೆಂಡತಿಯೇ ಅಮ್ಮನಿಗೆ ಪಿಸುಮಾತಿನಲ್ಲಿ ಕಥೆ ಹೇಳಿದಳು. ಇದನ್ನು ಕಟ್ಟಿಸಿದವನು ಎನ್ರಿಕೊ ಸ್ಕ್ರೊವೆಞ್ಞಿ. ಅವನಪ್ಪ ರೆಜಿನಾಲ್ದೊ ದೊಡ್ಡ ಬಡ್ಡಿ ವ್ಯಾಪಾರಿ, ಎಷ್ಟು ಹೆಸರಾಂತ ಬಡ್ಡಿವ್ಯಾಪಾರಿ ಅಂದರೆ ಡಾಂಟೆ ಮಹಾಕವಿ ತನ್ನ ಕಾವ್ಯದ ನರಕದಲ್ಲಿ ಅವನಿಗೊಂದು ಜಾಗ ಕೊಟ್ಟಿದ್ದಾನೆ. ಅಪ್ಪನ ಪಾಪ ಕಳೆಯೋಕೆ ಮಗ ಇದನ್ನು ಕಟ್ಟಿಸಿದ ಅಂತ ಹೇಳುತ್ತಾರೆ.

'ಮೀಟರ್ ಬಡ್ಡಿಯವನಾ?' ಅಂದರು ಅಮ್ಮ, ಸ್ವಲ್ಪ ಜೋರಾಗಿ.

'ಹೂಂ ಅತ್ತೆ, ಮೆಲ್ಲಗೆ.'

'ಅವನ ದುಡ್ಡಲ್ಲಿ ಕಟ್ಟಿರೋದಾ ಇದು? ಸರಿ ಬಿಡು, ದೇವರಿಗೇನು ಗೊತ್ತಾಗಲ್ವಾ.'

ಅಷ್ಟರಲ್ಲಿ ಬಾಗಿಲು ತೆರೆಯಿತು. ಎಲ್ಲರೂ ಎದ್ದೆವು. ನಾನು ಕನ್ನಡಕದ ಚಿಂತೆಯಲ್ಲಿದ್ದೆ, ಹೆಂಡತಿ ಗಡಿಯಾರ ನೋಡುತ್ತಿದ್ದಳು. ಅಮ್ಮನ ಕಾಲು ಯಾರೂ ನೋಡಲಿಲ್ಲ.

ಒಳಗೆ ಹೋದರೆ, ಏನು ಹೇಳಲಿ, ಕನ್ನಡಕ ಇಲ್ಲದವನಿಗೂ ಕಾಣೋವಷ್ಟು ನೀಲಿ. ಹೊರಗಿನಿಂದ ಸಾದಾ ಇಟ್ಟಿಗೆ ಗೋಡೌನಿನ ಹಾಗಿದೆ, 21 ಮೀಟರ್ ಉದ್ದ ಇರಬಹುದು ಅಷ್ಟೇ, ನಮ್ಮೂರಿನ ಕಲ್ಯಾಣ ಮಂಟಪವೇ ಅದಕ್ಕಿಂತ ದೊಡ್ಡದು. ಒಳಗೆ ಚಾವಣಿ ತುಂಬಾ ನೀಲಿ ಆಕಾಶ, ಚಿನ್ನದ ನಕ್ಷತ್ರ. ಗೋಡೆ ಮೇಲೆ ಸಾಲು ಸಾಲಾಗಿ 30ಕ್ಕೂ ಹೆಚ್ಚು ಚಿತ್ರ. ನನಗೆ ಕಂಡಿದ್ದು ನೀಲಿಯಲ್ಲಿ ತೇಲುತ್ತಿರುವ ಗುಲಾಬಿ, ಹಳದಿ ಮುದ್ದೆಗಳು.

'ನಿನ್ನ ಕನ್ನಡಕ ಸ್ವಲ್ಪ ಕೊಡೇ' ಅಂದೆ.

'ರೀ, ಹದಿನೈದು ನಿಮಿಷ ಇರೋದು.'

'ಒಂದೊಂದು ನಿಮಿಷ, ಸರದಿ ಪ್ರಕಾರ.'

ಅವಳದು ನನ್ನದಕ್ಕಿಂತ ಪವರ್ ಜಾಸ್ತಿ. ಹಾಕಿಕೊಂಡರೆ ತಲೆ ಸುತ್ತುತ್ತಿತ್ತು, ಆದರೆ ಜೊತ್ತೊ ಕಾಣುತ್ತಿದ್ದ. ಇಬ್ಬರು ಮಧ್ಯವಯಸ್ಕರು ಜಗತ್ತಿನ ಅಪರೂಪದ ಚಿತ್ರಗಳ ಕೆಳಗೆ ನಿಂತು ಒಂದು ಕನ್ನಡಕಕ್ಕೆ ಕಿತ್ತಾಡುತ್ತಿರೋದನ್ನು ಅಲ್ಲಿನ ಕಾವಲುಗಾರ ನೋಡಿದ. ಅವನ ಮುಖದ ಭಾವ ಮಾತ್ರ ನನಗೆ ಕನ್ನಡಕ ಇಲ್ಲದೆಯೂ ಸ್ಪಷ್ಟವಾಗಿ ಕಂಡಿತು.

ಅಮ್ಮನಿಗೆ ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿದ್ದೇವೆ. ಈಗ ಹದ್ದಿನ ಕಣ್ಣು. ಅವರೇ ನಮಗೆ ಗೈಡ್ ಆದರು. ಬೈಬಲ್ ಕಥೆ ಗೊತ್ತಿಲ್ಲ, ಆದರೆ ಮನುಷ್ಯರು ಗೊತ್ತು.

'ಮೇಲುಗಡೆ ನೋಡೋ, ಆ ಮುದುಕನ್ನ ಪೂಜಾರಿ ದೇವಸ್ಥಾನದಿಂದ ತಳ್ತಾ ಇದ್ದಾನೆ. ಪಾಪ, ಕುರಿಮರಿ ಹಿಡ್ಕೊಂಡು ಬಂದಿದ್ದಾನೆ. ಏನು ಮಾಡಿದ್ನಂತೆ?'

'ಮಕ್ಕಳಿಲ್ಲ ಅಂತ ಅತ್ತೆ.' ಅವನು ಯೋಹಾಕೀಮ್, ಯೇಸುವಿನ ತಾಯಿ ಮರಿಯಮ್ಮನ ತಂದೆ, ಕಥೆ ಶುರುವಾಗೋದೇ ಅಲ್ಲಿಂದ.

ಅಮ್ಮ ಒಂದು ಕ್ಷಣ ಸುಮ್ಮನಿದ್ದು 'ಇಲ್ಲೂ ಹಾಗೇನಾ' ಅಂದರು. ನಮ್ಮ ಚಿಕ್ಕಮ್ಮನನ್ನು ಆರತಿಗೆ ಕರೆಯದೇ ಬಿಡುತ್ತಿದ್ದ ಕಾಲ ಅವರಿಗೆ ನೆನಪಾಗಿರಬೇಕು, ಕೇಳೋಕೆ ನನಗೆ ಮನಸ್ಸಾಗಲಿಲ್ಲ. ಅದೇ ಸಾಲಿನ ಕೊನೆಯಲ್ಲಿ ಆ ಮುದುಕನೂ ಅವನ ಹೆಂಡತಿಯೂ ಊರ ಬಾಗಿಲಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಮುತ್ತಿಡೋ ಚಿತ್ರ ಇದೆ. ಮಗು ಆಗುತ್ತೆ ಅಂತ ಗೊತ್ತಾದ ಖುಷಿ ಅದು. ಅಮ್ಮ ಅದನ್ನು ನೋಡಿಯೂ ನೋಡದವರ ಹಾಗೆ ಪಕ್ಕಕ್ಕೆ ತಿರುಗಿದರು. ಆಮೇಲೆ ಮತ್ತೊಮ್ಮೆ ನೋಡಿದ್ದನ್ನು ನಾನು ನೋಡಿದೆ, ಆಗ ಕನ್ನಡಕ ನನ್ನ ಸರದಿ.

ಆಮೇಲೆ ನಿಲ್ಲಲೇ ಇಲ್ಲ. ಕಾನಾ ಊರಿನ ಮದುವೆ ಚಿತ್ರದಲ್ಲಿ ಡೊಳ್ಳು ಹೊಟ್ಟೆಯವನೊಬ್ಬ ದ್ರಾಕ್ಷಾರಸದ ರುಚಿ ನೋಡುತ್ತಿದ್ದಾನೆ, ಅವನ ಹೊಟ್ಟೆ ಮುಂದಿರುವ ಹಂಡೆಗಳ ಆಕಾರದಲ್ಲೇ ಇದೆ. 'ಅಡುಗೆ ಕಂಟ್ರಾಕ್ಟ್‌ನವನು' ಅಂದರು. ಲಾಜರಸ್ ಸಮಾಧಿಯಿಂದ ಎದ್ದು ಬರುವಲ್ಲಿ ಪಕ್ಕದವರು ಮೂಗಿಗೆ ಬಟ್ಟೆ ಹಿಡಿದಿದ್ದಾರೆ. 'ಮತ್ತೆ, ವಾಸನೆ ಬರಲ್ವಾ?' ಯೇಸು ಕತ್ತೆ ಮೇಲೆ ಜೆರುಸಲೇಮಿಗೆ ಬರುವಾಗ ಒಬ್ಬ ದಾರಿಗೆ ಹಾಸೋಕೆ ಅಂತ ಬಟ್ಟೆ ಬಿಚ್ಚಲು ಹೋಗಿ ತಲೆ ಅದರೊಳಗೇ ಸಿಕ್ಕಿಕೊಂಡಿದೆ. ಇದನ್ನು ನೋಡಿ ಅಮ್ಮ ನನ್ನ ಕಡೆ ತಿರುಗಿ 'ನೀನು' ಅಂದರು. ಮೂವರು ರಾಜರು ಮಗು ನೋಡೋಕೆ ಬರುವ ಚಿತ್ರದಲ್ಲಿ ಒಂಟೆಗಳಿಗೆ ನೀಲಿ ಕಣ್ಣು. ಜೊತ್ತೊ ಒಂಟೆ ನೋಡಿರಲೇ ಇಲ್ಲ ಅಂತ ನನ್ನ ಅನುಮಾನ. ಆದರೆ ಆಕಾಶ ಸರಿಯಾಗಿ ನೋಡಿದ್ದ. ಆ ಚಿತ್ರದಲ್ಲಿ ಮೇಲೆ ಉರಿಯುವ ಬಾಲದ ನಕ್ಷತ್ರ ಇದೆಯಲ್ಲ, ಅದು 1301ರಲ್ಲಿ ಬಂದ ಹ್ಯಾಲಿ ಧೂಮಕೇತು ಇರಬಹುದು ಅನ್ನುತ್ತಾರೆ. 1986ರಲ್ಲಿ ಹ್ಯಾಲಿ ಹತ್ತಿರ ಹೋದ ಯುರೋಪಿನ ಬಾಹ್ಯಾಕಾಶ ನೌಕೆಗೆ ಜೊತ್ತೊ ಹೆಸರನ್ನೇ ಇಟ್ಟಿದ್ದರು.

ಇದನ್ನು ನಾನು ವಿವರಿಸುತ್ತಿದ್ದರೆ ಅಮ್ಮ ಗೋಡೆಯನ್ನೇ ನೋಡುತ್ತಿದ್ದರು. 'ಇಲ್ಲಿ ಯಾಕೋ ನೀಲಿ ಉದುರಿದೆ, ಬೇರೆ ಬಣ್ಣ ಗಟ್ಟಿಯಾಗಿದೆ?' ಹೆಂಡತಿ ಖುಷಿಯಿಂದ ಉಬ್ಬಿಹೋದಳು, ಇಷ್ಟು ವರ್ಷಕ್ಕೆ ಮನೆಯಲ್ಲಿ ಒಬ್ಬರಾದರೂ ಸರಿಯಾದ ಪ್ರಶ್ನೆ ಕೇಳಿದರಲ್ಲ ಅಂತ. ಹಸಿ ಗಾರೆ ಮೇಲೆ ಬರೆದರೆ ಬಣ್ಣ ಗೋಡೆಯೊಳಗೇ ಸೇರಿಹೋಗುತ್ತೆ. ಒಂದು ದಿನಕ್ಕೆ ಎಷ್ಟು ಬರೆಯೋಕಾಗುತ್ತೋ ಅಷ್ಟೇ ಗಾರೆ ಬಳಿಯೋದು. ಆದರೆ ಆ ನೀಲಿ ಕಲ್ಲಿನ ಪುಡಿ ಹಸಿ ಸುಣ್ಣಕ್ಕೆ ಹೊಂದೋಲ್ಲ, ಗೋಡೆ ಒಣಗಿದ ಮೇಲೆ ಬಳಿಯಬೇಕು, ಹಾಗಾಗಿ ಮರಿಯಮ್ಮನ ಸೆರಗಿನ ನೀಲಿ ಕಾಲ ಕಳೆದ ಹಾಗೆ ಉದುರಿದೆ. ಅಮ್ಮ ತಲೆ ಆಡಿಸಿದರು. 'ನಮ್ಮಪ್ಪನೂ ಗಾರೆಯವರ ಪಕ್ಕದಲ್ಲೇ ನಿಂತಿರೋರು, ಒಣಗೋಕೆ ಬಿಡಬೇಡ್ರೋ ಅಂತ ಕೂಗ್ತಾ.'

ಹಿಂದಿನ ಗೋಡೆಯಲ್ಲಿ ಕೊನೆಯ ತೀರ್ಪಿನ, ಅಂದರೆ ಲೋಕದ ಕೊನೆಗೆ ದೇವರು ಪಾಪ ಪುಣ್ಯ ನೋಡಿ ಸ್ವರ್ಗ ನರಕ ಹಂಚುವ ದಿನದ ದೊಡ್ಡ ಚಿತ್ರ. ನರಕದಲ್ಲಿ ಬಡ್ಡಿಯವರು ತಮ್ಮ ದುಡ್ಡಿನ ಚೀಲದ ದಾರದಲ್ಲೇ ನೇತಾಡುತ್ತಿದ್ದಾರೆ. ಸ್ವರ್ಗದ ಕಡೆ ಕಟ್ಟಿಸಿದ ಎನ್ರಿಕೊ ಮಂಡಿಯೂರಿ ಚಾಪೆಲ್ಲಿನ ಮಾದರಿಯನ್ನು ಮರಿಯಮ್ಮನಿಗೆ ಒಪ್ಪಿಸುತ್ತಿದ್ದಾನೆ. ಅಮ್ಮನಿಗೆ ಇದು ಅರ್ಥವಾಗೋಕೆ ಅರ್ಧ ಸೆಕೆಂಡೂ ಬೇಕಾಗಲಿಲ್ಲ, ನಮ್ಮ ಕಡೆ ದೇವಸ್ಥಾನಕ್ಕೆ ಫ್ಯಾನ್ ಕೊಟ್ಟವರು ರೆಕ್ಕೆ ಮೇಲೆ ಹೆಸರು ಬರೆಸಿರುತ್ತಾರಲ್ವಾ, ತಿರುಗೋವಾಗ ಕಾಣೋದೇ ಇಲ್ಲ. ಇವನು ಬುದ್ಧಿವಂತ.

ಕೊನೆಗೆ ಸತ್ತ ಮಗನ ಮುಖಕ್ಕೆ ಮುಖ ತಾಗಿಸಿ ಕೂತ ತಾಯಿಯ ಚಿತ್ರ. ಮೇಲೆ ದೇವತೆಗಳು ಹಕ್ಕಿಗಳ ಹಾಗೆ ಚೆದುರಿ ಅಳುತ್ತಿದ್ದಾರೆ. ಎದುರಿಗೆ ಇಬ್ಬರು ನಮಗೆ ಬೆನ್ನು ಹಾಕಿ ಕೂತಿದ್ದಾರೆ, ಮುಖವೇ ಕಾಣಲ್ಲ. ಇವರನ್ನು ಯಾಕೆ ಹೀಗೆ ಬರೆದ ಅಂತ ನಾನು ಕೇಳಿದೆ. 'ಸಾವಿನ ಮನೇಲಿ ಹಂಗೇ ಕಣೋ ಕೂರೋದು' ಅಂದರು ಅಮ್ಮ. ಕನ್ನಡಕ ಹೆಂಡತಿಗೆ ಕೊಟ್ಟೆ, ಸರದಿ ಇನ್ನೂ ಮುಗಿದಿರಲಿಲ್ಲ.

ಅಷ್ಟು ಹೊತ್ತಿಗೆ ಹೊರಡಿ ಹೊರಡಿ ಅಂದರು. ತೋಟಕ್ಕೆ ಬಂದೆವು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಅಮ್ಮ ನಿಂತು, 'ಕಲ್ಲು ಚುಚ್ತಾ ಇದೆ' ಅಂದರು.

ಸೀರೆ ನೆರಿಗೆ ಕೆಳಗೆ ಉಣ್ಣೆ ಕಾಲುಚೀಲ. ಶೂ ಇಲ್ಲ.

'ಶೂ ಎಲ್ಲಮ್ಮಾ?'

'ದೇವಸ್ಥಾನಕ್ಕೆ ಹಾಕ್ಕೊಂಡು ಹೋಗ್ತಾರೇನೋ? ಆ ಗಾಜಿನ ರೂಮಲ್ಲೇ ಬೆಂಚಿನ ಕೆಳಗೆ ಬಿಟ್ಟೆ.'

ಹೊರಗಿನಿಂದ ನೋಡಿದರೆ ಮುಂದಿನ 25 ಜನ ಆಗಲೇ ಒಳಗೆ ಕೂತಿದ್ದರು. ಗಾಜಿನಾಚೆ ವಿಡಿಯೊ ಓಡುತ್ತಿತ್ತು. ಬೆಂಚಿನ ಕೆಳಗೆ ಬೆಳ್ಳಗೆ ಎರಡು ಚುಕ್ಕೆ ಇದ್ದ ಹಾಗಿತ್ತು, ಹೆಂಡತಿ ಶೂನೇ ಅಂತ ಖಚಿತಪಡಿಸಿದಳು. ಗಾಳಿ ಹದವಾಗುತ್ತಿರುವಾಗ ಶೂಗೋಸ್ಕರ ಬಾಗಿಲು ತೆಗೆಯೋರು ಯಾರು? ಅಮ್ಮ ಮಾತ್ರ ತೋಟದ ಬೆಂಚಿನ ಮೇಲೆ ಕಾಲು ಮಡಚಿ ಆರಾಮಾಗಿ ಕೂತರು. 'ಅಂತೋನಿಯವರ ಊರಲ್ಲಿ ಏನೂ ಕಳೆಯಲ್ಲ. ಅವರ ಚರ್ಚಿಗೆ ಹೋದಾಗ ಒಂದು ಮೇಣದಬತ್ತಿ ಹಚ್ಚಿದರಾಯ್ತು.'

ಇಪ್ಪತ್ತು ನಿಮಿಷಕ್ಕೆ ಅಲ್ಲಿ ಕೆಲಸ ಮಾಡೋ ಹುಡುಗಿಯೊಬ್ಬಳು ಎರಡೂ ಶೂಗಳನ್ನು ಎರಡು ಕೈಯಲ್ಲಿ ಹಿಡಿದು ತಂದಳು. ಅಮ್ಮ ಅಚ್ಚ ಕನ್ನಡದಲ್ಲಿ ಆಶೀರ್ವಾದ ಮಾಡಿದರು. ಅವಳಿಗೆ ಅರ್ಥವಾಯಿತು ಅನ್ನಿಸುತ್ತೆ, ನಕ್ಕಳು.

ಚೀಟಿ ಕೊಟ್ಟು ಬ್ಯಾಗ್ ವಾಪಸ್ ತಗೊಂಡೆ. ಎಲ್ಲ ಖಾನೆ ಹುಡುಕಿದೆ. ಕನ್ನಡಕ ಇರಲಿಲ್ಲ. ಚಳಿ ಅಂತ ಜಾಕೆಟ್ಟಿನ ಒಳಜೇಬಿಗೆ ಕೈ ಹಾಕಿದೆ, ಅಲ್ಲಿ ಪೆಟ್ಟಿಗೆ ಸಮೇತ ಇತ್ತು. ಚಾಪೆಲ್ ಒಳಗೂ ನನ್ನ ಜೊತೆಗೇ ಬಂದಿತ್ತು, ಎದೆಗೆ ಒತ್ತಿಕೊಂಡು.

ಹೆಂಡತಿ ನೋಡಿದಳು. ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನೋಡಿದ ಹಾಗೇ.

'ಸಿಕ್ತಲ್ಲ ಬಿಡು' ಅಂದರು ಅಮ್ಮ, ಶೂ ದಾರ ಕಟ್ಟಿಸಿಕೊಳ್ಳೋಕೆ ನನ್ನ ಕಡೆ ಕಾಲು ಚಾಚುತ್ತಾ. 'ಇನ್ನೊಂದು ಮೇಣದಬತ್ತಿ ಜಾಸ್ತಿ ತಗೊ.'